ಒಂದನೇ ಬೀಟನ್ನ ಖಾಲಿ ಬಿಡೋದು ಹೇಗೆ? ರೆಗೇ ಬೆರೆತ ರಾಕ್ ಡ್ರಮ್ಮಿಂಗ್ ಬಗ್ಗೆ

ರಾಕ್ ಡ್ರಮ್ಸ್ ಕಲಿತ ಯಾರನ್ನಾದ್ರೂ ಕೇಳಿ ನೋಡಿ, ಮೊದಲ ವಾರ ಕಲಿತಿದ್ದು ಹೆಚ್ಚುಕಮ್ಮಿ ಒಂದೇ ಬೀಟು ಆಗಿರುತ್ತೆ. ಒಂದಕ್ಕೆ ಕಿಕ್ (ಕಾಲಲ್ಲಿ ಪೆಡಲ್ ಒತ್ತಿ ನುಡಿಸೋ ದೊಡ್ಡ ಡ್ರಮ್), ಎರಡಕ್ಕೆ ಸ್ನೇರ್ (ಎದುರಿಗೆ ಇರೋ ಚಿಕ್ಕ ಡ್ರಮ್), ಮೂರಕ್ಕೆ ಕಿಕ್, ನಾಲ್ಕಕ್ಕೆ ಸ್ನೇರ್, ಮೇಲೆ ಹೈ-ಹ್ಯಾಟ್ ಅನ್ನೋ ಜೋಡಿ ಸಿಂಬಲ್ಲಲ್ಲಿ ಒಂದೇ ಸಮ ಎಂಟು ಏಟು. ಸ್ವಲ್ಪ ದಿನಕ್ಕೆ ಇದು ಸೈಕಲ್ ತುಳಿದ ಹಾಗೆ ಮೈಗೆ ಹತ್ತಿಬಿಡುತ್ತೆ, ಯೋಚನೆ ಮಾಡದೇನೇ ಬಲಗಾಲು ಒಂದಕ್ಕೆ ಹೋಗಿ ಬೀಳುತ್ತೆ. ಬಹಳ ಹಾಡುಗಳಿಗೆ ಇದು ಸಾಕು ಕೂಡ. ಆದ್ರೆ ಒಂದು ದಿನ ಬ್ಯಾಂಡಲ್ಲಿ ಯಾರೋ ಜಮೈಕಾದ ರೆಗೇ ಸಂಗೀತದ ಥರ ಇರೋ ಹಾಡು ತಗೊಂಡು ಬರ್ತಾರೆ, ನಾವು ಅದೇ ಬೀಟನ್ನ ಸ್ವಲ್ಪ ನಿಧಾನಕ್ಕೆ, ಸ್ವಲ್ಪ ಮೆತ್ತಗೆ ನುಡಿಸ್ತೀವಿ, ಅದು ರೆಗೇನೂ ಆಗಲ್ಲ ರಾಕೂ ಆಗಲ್ಲ, ಉಪ್ಪಿಲ್ಲದ ಸಾರು ಥರ ಸಪ್ಪೆ ಆಗುತ್ತೆ.

ಯಾಕೆ ಹೀಗಾಗುತ್ತೆ ಅಂತ ನನಗೆ ಅರ್ಥ ಆಗೋಕೆ ತುಂಬಾ ದಿನ ಹಿಡೀತು. ಕೇಳೋಕೆ ಆರಾಮಾಗಿ ಇರೋ ಗ್ರೂವು, ಅಂದ್ರೆ ಬೀಟಿನ ಓಟ, ನುಡಿಸೋಕೂ ನಿಧಾನ ಇರುತ್ತೆ ಅಂತ ಅಂದ್ಕೊಂಡಿದ್ದೆ. ಅದು ತಪ್ಪು. ಈ ಗ್ರೂವ್‌ಗಳ ಆರಾಮ ಬರೋದು ಸ್ಪೀಡಿಂದ ಅಲ್ಲ, ಭಾರ ಎಲ್ಲಿ ಬೀಳುತ್ತೆ ಅನ್ನೋದ್ರಿಂದ. ರಾಕಲ್ಲಿ ಭಾರ ಪೂರ್ತಿ ಒಂದರ ಮೇಲೆ, ರೆಗೇಲಿ ಒಂದು ಖಾಲಿ, ಭಾರ ಪೂರ್ತಿ ಮೂರರ ಮೇಲೆ. ಇವೆರಡನ್ನ ಬೆರೆಸಿದ ಹಾಡು ಅಂದ್ರೆ ಆ ಖಾಲಿ ಜಾಗನ ಎಷ್ಟೊತ್ತು ಕಾಯಿಸಬೇಕು, ಯಾವಾಗ ತುಂಬಬೇಕು ಅನ್ನೋ ಆಟ.

ಮೊದಲು ಎಣಿಕೆ ವಿಷಯ ಮುಗಿಸಿಬಿಡೋಣ, ಯಾಕಂದ್ರೆ ಇದರಲ್ಲಿ ಬಹಳ ಜನ ಗೊಂದಲ ಮಾಡ್ಕೋತಾರೆ. ಒಂದೇ ರೆಗೇ ಹಾಡನ್ನ ಒಬ್ಬರು ನಿಮಿಷಕ್ಕೆ 70 ಬೀಟು ಅಂತ ಎಣಿಸ್ತಾರೆ, ಇನ್ನೊಬ್ಬರು 140 ಅಂತಾರೆ, ಇಬ್ಬರೂ ಸರಿನೇ. 70ರಲ್ಲಿ ಎಣಿಸಿದ್ರೆ ದೊಡ್ಡ ಏಟು ಎರಡಕ್ಕೆ ಮತ್ತೆ ನಾಲ್ಕಕ್ಕೆ ಬೀಳುತ್ತೆ, 140ರಲ್ಲಿ ಎಣಿಸಿದ್ರೆ ಮೂರಕ್ಕೆ ಮಾತ್ರ ಬೀಳುತ್ತೆ. ಹಾಡು ಅದೇ, ಅಳತೆಪಟ್ಟಿ ಬೇರೆ ಅಷ್ಟೇ. ಇಲ್ಲಿ ನಾನು ಉದ್ದಕ್ಕೂ 140ರ ಲೆಕ್ಕನೇ ಹಿಡ್ಕೋತೀನಿ, ಅದಕ್ಕೆ ಕಾರಣ ಮುಂದೆ ರಾಕ್ ಭಾಗಕ್ಕೆ ಬಂದಾಗ ಗೊತ್ತಾಗುತ್ತೆ.

ಈ ಮೂರಕ್ಕೆ ಬೀಳೋ ಬೀಟಿಗೆ ಒನ್ ಡ್ರಾಪ್ ಅಂತಾರೆ. ಒಂದನ್ನ ಕೆಳಗೆ ಬಿಟ್ಟುಬಿಡೋದು ಅಂತ ಕೆಲವರು ಅರ್ಥ ಹೇಳ್ತಾರೆ, ಬಾರ್‌ಗೆ (ನಾಲ್ಕು ಬೀಟಿನ ಒಂದು ಸುತ್ತಿಗೆ) ಒಂದೇ ಏಟು ಬೀಳೋದು ಅಂತ ಇನ್ನು ಕೆಲವರು, ನುಡಿಸುವವರಿಗೆ ಎರಡೂ ಉಪಯೋಗಕ್ಕೆ ಬರುತ್ತೆ. ಹುಟ್ಟಿದ್ದು ಜಮೈಕಾದ ಕಿಂಗ್‌ಸ್ಟನ್ನಲ್ಲಿ. 60ರ ದಶಕದ ಶುರುವಲ್ಲಿ ಅಲ್ಲಿ ಸ್ಕಾ ಅನ್ನೋ ಸಂಗೀತ ಇತ್ತು, ಸಿಕ್ಕಾಪಟ್ಟೆ ಫಾಸ್ಟು. 1966ರ ಹೊತ್ತಿಗೆ ಅದು ನಿಧಾನ ಆಗಿ ರಾಕ್‌ಸ್ಟೆಡಿ ಆಯ್ತು, 1968ರ ಹೊತ್ತಿಗೆ ರೆಗೇ ಅನ್ನೋ ಹೆಸರು ಬಂತು. ಒನ್ ಡ್ರಾಪನ್ನ ಮೊದಲು ನುಡಿಸಿದ್ದು ನಾನೇ ಅಂತ ವಿನ್‌ಸ್ಟನ್ ಗ್ರೆನನ್ ಅನ್ನೋ ಡ್ರಮ್ಮರ್ ಹೇಳ್ಕೊಂಡಿದ್ರು, ಆದ್ರೆ ಅದನ್ನ ಲೋಕಕ್ಕೆಲ್ಲ ಮುಟ್ಟಿಸಿದ್ದು ಬಾಬ್ ಮಾರ್ಲಿ ಜೊತೆ ನುಡಿಸ್ತಿದ್ದ ದಿ ವೇಲರ್ಸ್ ಬ್ಯಾಂಡಿನ ಕಾರ್ಲ್‌ಟನ್ ಬ್ಯಾರೆಟ್. 1950ರಲ್ಲಿ ಕಿಂಗ್‌ಸ್ಟನ್ನಲ್ಲೇ ಹುಟ್ಟಿದವರು, 1987ರಲ್ಲಿ ತಮ್ಮ ಮನೆ ಮುಂದೇನೇ ಗುಂಡಿಗೆ ಬಲಿಯಾದ್ರು, ಆಗ ಬರೀ 36 ವರ್ಷ. ಪಕ್ಕದಲ್ಲಿ ಬೇಸ್ ಗಿಟಾರ್ ಹಿಡ್ಕೊಂಡು ನಿಲ್ತಿದ್ದಿದ್ದು ಸ್ವಂತ ಅಣ್ಣ ಆಸ್ಟನ್ ಬ್ಯಾರೆಟ್, ಎಲ್ಲರೂ ಫ್ಯಾಮಿಲಿ ಮ್ಯಾನ್ ಅಂತ ಕರೀತಿದ್ರು. ಅಣ್ಣತಮ್ಮ ಒಂದೇ ಉಸಿರಲ್ಲಿ ನುಡಿಸೋದನ್ನ ಕೇಳ್ಬೇಕು ಅಂದ್ರೆ 1973ರಿಂದ ಈಚಿನ ವೇಲರ್ಸ್ ಆಲ್ಬಮ್‌ಗಳನ್ನ ಹೆಡ್‌ಫೋನ್ ಹಾಕ್ಕೊಂಡು ಕೇಳಿ, ಫೋನ್ ಸ್ಪೀಕರಲ್ಲಿ ಬೇಡ, ಅದರಲ್ಲಿ ಕಿಕ್ಕೂ ಬೇಸೂ ಸತ್ತೇ ಹೋಗುತ್ತೆ.

ಈಗ ಬೀಟನ್ನ ಬಿಡಿಸಿ ನೋಡೋಣ. ಒಂದು ಬಾರ್, ಅಂದ್ರೆ ಒಂದು ಆವರ್ತ, ಹೀಗಿರುತ್ತೆ:

ಎಣಿಕೆ: 1 – 2 – 3 – 4 –
ಹೈ-ಹ್ಯಾಟ್: ತ ಟ ತ ಟ ತ ಟ ತ ಟ
ಕ್ರಾಸ್ ಸ್ಟಿಕ್: – – – – ಟಕ್ – – –
ಕಿಕ್: – – – – ಧಂ – – –

ಇಷ್ಟೇ. ಕಾಗದದ ಮೇಲೆ ನೋಡಿದ್ರೆ ರಾಕ್ ಬೀಟಿಗಿಂತ ಸುಲಭ, ಕಾಲಿಗೆ ಒಂದೇ ಏಟು, ಎಡಗೈಗೆ ಒಂದೇ ಏಟು, ಎರಡೂ ಒಟ್ಟಿಗೆ. ಆದ್ರೆ ಕೂತು ನುಡಿಸಿದಾಗ ಕಷ್ಟ ಎಲ್ಲಿದೆ ಅಂತ ಗೊತ್ತಾಗುತ್ತೆ. 140ರ ಸ್ಪೀಡಲ್ಲಿ ರಾಕ್ ಬೀಟು ನುಡಿಸಿದ್ರೆ ಕಿಕ್ಕೋ ಸ್ನೇರೋ ಯಾವುದಾದ್ರೂ ಒಂದು ಪ್ರತಿ 0.43 ಸೆಕೆಂಡಿಗೆ ಬೀಳ್ತಾನೇ ಇರುತ್ತೆ, ಪ್ರತಿ ಹೆಜ್ಜೆಗೂ ಕೈಗೆ ಸಿಗೋ ಕಂಬ ಇದ್ದ ಹಾಗೆ. ಒನ್ ಡ್ರಾಪಲ್ಲಿ ಒಂದು ಧಂನಿಂದ ಇನ್ನೊಂದು ಧಂಗೆ ಸುಮಾರು 1.7 ಸೆಕೆಂಡ್. ಅಷ್ಟೊತ್ತು ಹೈ-ಹ್ಯಾಟ್ ಬಿಟ್ರೆ ಹಿಡ್ಕೊಳ್ಳೋಕೆ ಏನೂ ಇಲ್ಲ. ಅಷ್ಟಗಲ ಗ್ಯಾಪು ಸಿಕ್ಕಿದಾಗ ಮನುಷ್ಯನ ಕೈಕಾಲು ಒಂದೋ ಓಡುತ್ತೆ, ಇಲ್ಲಾ ಮಧ್ಯ ಏನಾದ್ರೂ ತುರುಕುತ್ತೆ. ಈ ಗ್ರೂವ್ ಕಲಿಯೋದು ಅಂದ್ರೆ ನೂರಕ್ಕೆ ತೊಂಬತ್ತು ಭಾಗ ಆ 1.7 ಸೆಕೆಂಡಲ್ಲಿ ಏನೂ ಮಾಡದೆ ಇರೋದನ್ನ ಕಲಿಯೋದು.

ನನಗೆ ಇದು ಗೊತ್ತಾಗಿದ್ದು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗೋ ಒಂದು ಜಾಮ್ ರೂಮಲ್ಲಿ. ನಾವು ನಾಲ್ಕು ಜನ, ಒಂದು ರೆಗೇ ಹಾಡು ಎತ್ಕೊಂಡಿದ್ವಿ, ನಾಲ್ಕನೇ ಬಾರ್ ಬರೋಷ್ಟರಲ್ಲೇ ಬೇಸ್ ನುಡಿಸೋ ಗೆಳೆಯ ಕೈ ನಿಲ್ಲಿಸಿದ.

“ಲೋ, ನೀನು ಒಂದಕ್ಕೆ ಒದೀತಿದೀಯ ಕಣೋ.”

“ಇಲ್ಲ ಮಗಾ, ಮೂರಕ್ಕೇ ಹೊಡೀತಿರೋದು.”

“ಮೂರಕ್ಕೂ ಹೊಡೀತಿದೀಯ, ಒಂದಕ್ಕೂ ಹೊಡೀತಿದೀಯ. ರೆಕಾರ್ಡ್ ಮಾಡ್ತೀನಿ, ನೀನೇ ಕೇಳು.”

ಕೇಳಿದ್ವಿ. ಅವನು ಹೇಳಿದ್ದು ನಿಜ. ಜೋರಾಗೇನೂ ಅಲ್ಲ, ಒಂದು ಸಣ್ಣ ಧುಮ್, ಬೀಟರ್ ಸ್ಕಿನ್ನಿಗೆ ಮುಟ್ಟಿ ಬಂದಷ್ಟು. ನನ್ನ ಕಿವಿಗೆ ಅದು ಬಿದ್ದೇ ಇರಲಿಲ್ಲ, ಕಾಲಿಗಂತೂ ಗೊತ್ತೇ ಇರಲಿಲ್ಲ. ಆದ್ರೆ ಆ ಸಣ್ಣ ಧುಮ್ ಸಾಕು, ಇಡೀ ಗ್ರೂವು ನೆಲಕ್ಕೆ ಅಂಟ್ಕೊಂಡುಬಿಡುತ್ತೆ, ತೇಲೋದೇ ಇಲ್ಲ. ಬೇಸ್ ನುಡಿಸೋನು ಅಲ್ಲಿ ಬೇಕಂತಲೇ ಜಾಗ ಬಿಟ್ಟಿದ್ದ, ಆ ಜಾಗಕ್ಕೆ ನಾನು ಕಾಲಿಟ್ಟಿದ್ದೆ. ರೆಗೇಲಿ ಎಷ್ಟೋ ಸಲ ಬೇಸ್ ಲೈನು ಕೂಡ ಒಂದನ್ನ ಬಿಟ್ಟೇ ಶುರು ಆಗುತ್ತೆ, ಅದಕ್ಕೆ ಡ್ರಮ್ಮರ್ ಮಾಡೋ ಈ ತಪ್ಪು ಬೇರೆ ಯಾರಿಗಿಂತ ಮೊದಲು ಬೇಸ್ ನುಡಿಸೋರಿಗೆ ಕೇಳುತ್ತೆ. ಅವರ ಮಾತು ಕೇಳಿ.

ಅವತ್ತಿಂದ ಹತ್ತು ದಿನ ನಾನು ಕಿಕ್ ಪೆಡಲನ್ನೇ ಮುಟ್ಟಲಿಲ್ಲ ಅನ್ನಬಹುದು. ಬಲಗಾಲಿನ ಹಿಮ್ಮಡಿ ನೆಲದ ಮೇಲೆ, ಪಾದ ಪೆಡಲ್ ಪಕ್ಕದಲ್ಲಿ. ಬರೀ ಹೈ-ಹ್ಯಾಟ್ ಮತ್ತೆ ಎಡಗೈ. ಒಂದು ಬಂದಾಗಲೆಲ್ಲ ಮೂಗಲ್ಲಿ ಉಸಿರು ಒಳಗೆ ತಗೊಳ್ಳೋದು, ಮೂರಕ್ಕೆ ಬಾಯಲ್ಲಿ ಧಂ ಅಂತ ಉಸಿರು ಬಿಡೋದು. ಮೈಗೆ ಒಂದಕ್ಕೆ ಏನಾದ್ರೂ ಮಾಡ್ಲೇಬೇಕು ಅನ್ನೋ ಅಭ್ಯಾಸ ಇರುತ್ತೆ, ಅದನ್ನ ಬೇಡ ಬೇಡ ಅಂದ್ರೆ ಅದು ಕೇಳಲ್ಲ, ಅದಕ್ಕೆ ಬದಲಿಗೆ ಇನ್ನೊಂದು ಕೆಲಸ ಕೊಡ್ಬೇಕು, ಉಸಿರು ತಗೊಳ್ಳೋದೇ ಆ ಕೆಲಸ. ಹತ್ತು ದಿನ ಆದ್ಮೇಲೆ ಪಾದನ ಪೆಡಲ್ ಮೇಲಿಟ್ಟೆ, ಮೂರಕ್ಕೆ ಮಾತ್ರ ಹೋಯ್ತು.

ಇಲ್ಲಿ ಒಂದು ಸೂಕ್ಷ್ಮ ಇದೆ, ಇದನ್ನ ಬಿಟ್ರೆ ಎಲ್ಲ ತಪ್ಪಾಗುತ್ತೆ. ಒಂದನೇ ಬೀಟು ಖಾಲಿ ಅಂದ್ರೆ ಅಲ್ಲಿ ನಿಶ್ಶಬ್ದ ಅಂತ ಅರ್ಥ ಅಲ್ಲ. ಹೈ-ಹ್ಯಾಟ್ ಅಲ್ಲಿ ಇದ್ದೇ ಇರುತ್ತೆ. ಭಾರ ಇಲ್ಲ ಅಷ್ಟೇ. ನಮ್ಮ ಕಡೆ ತಬಲಾ ಕೇಳಿ ಬೆಳೆದವರಿಗೆ, ಅದರಲ್ಲೂ ಧಾರವಾಡ ಹುಬ್ಬಳ್ಳಿ ಕಡೆಯವರಿಗೆ, ಇದನ್ನ ಬಿಡಿಸಿ ಹೇಳೋದೇ ಬೇಡ, ಖಾಲಿ ಅನ್ನೋ ಪದಾನೇ ಇದೆ. ತೀನ್‌ತಾಲದಲ್ಲಿ ಖಾಲಿ ಬಂದಾಗ ಎಡಗೈಯ ಬಾಯಾಂ ಸುಮ್ಮನಾಗುತ್ತೆ, ಬಲಗೈ ಬೋಲು ನಡೀತಾನೇ ಇರುತ್ತೆ, ತಾಳ ಎಲ್ಲೂ ನಿಲ್ಲಲ್ಲ, ಕೆಳಗಿನ ಗುಂ ಅನ್ನೋ ಭಾರ ಮಾತ್ರ ಎದ್ದು ಹೋಗುತ್ತೆ. ರೂಪಕ್‌ನಲ್ಲಂತೂ ಸಮವೇ ಖಾಲಿ, ತಿನ್ ತಿನ್ ನಾ ಅಂತ ಹಗುರಾಗಿ ಶುರುವಾಗಿ ಆಮೇಲೆ ಧೀ ನಾ ಧೀ ನಾ ಅಂತ ತೂಕ ಬರುತ್ತೆ. ಒನ್ ಡ್ರಾಪಿಗೂ ರೂಪಕ್‌ಗೂ ಏನೂ ಸಂಬಂಧ ಇಲ್ಲ, ಒಂದು ಜಮೈಕಾದ್ದು ಇನ್ನೊಂದು ನಮ್ದು, ಮಾತ್ರೆ ಲೆಕ್ಕನೂ ಬೇರೆ. ಆದ್ರೆ ಮೊದಲನೇ ಮಾತ್ರೆ ಹಗುರವಾಗಿ ಇರಬಹುದು ಅನ್ನೋದನ್ನ ಕಿವಿ ಮೊದಲೇ ಒಪ್ಕೊಂಡಿದ್ರೆ ಅರ್ಧ ಕೆಲಸ ಆದ ಹಾಗೆ.

ಕರ್ನಾಟಕ ಸಂಗೀತ ಕಲಿತವರಿಗೆ ನಾನು ಹೇಳೋ ಅಭ್ಯಾಸ ಇನ್ನೊಂದಿದೆ, ಡ್ರಮ್ಸ್ ಬೇಡ, ಬಸ್ಸಲ್ಲಿ ಕೂತು ಮಾಡಬಹುದು. ಆದಿತಾಳ ಹಾಕಿ. ಒಂದು ಪೆಟ್ಟು, ಕಿರುಬೆರಳು, ಉಂಗುರ ಬೆರಳು, ಮಧ್ಯದ ಬೆರಳು, ಆಮೇಲೆ ಪೆಟ್ಟು ಹುಸಿ, ಪೆಟ್ಟು ಹುಸಿ. ಎಂಟು ಅಕ್ಷರ ಅಂದ್ರೆ ನಮ್ಮ ಲೆಕ್ಕದಲ್ಲಿ ಎರಡು ಬಾರ್. ಇದರ ಮೇಲೆ ಬಾಯಲ್ಲಿ ಒನ್ ಡ್ರಾಪ್ ಹೇಳಿ, ಧಂ ಬರೋದು ಮೂರಕ್ಕೆ ಮತ್ತೆ ಏಳಕ್ಕೆ. ಅಂದ್ರೆ ಮೊದಲ ಧಂ ಉಂಗುರ ಬೆರಳಿನ ಮೇಲೆ, ಎರಡನೇ ಧಂ ಕೊನೇ ಪೆಟ್ಟಿನ ಮೇಲೆ. ಶುರುವಿನ ಪೆಟ್ಟಿಗೆ, ಐದನೇ ಅಕ್ಷರದ ಪೆಟ್ಟಿಗೆ ಬಾಯಿ ಸುಮ್ಮನಿರಬೇಕು. ಕೈ ಒಂದನ್ನ ತೋರಿಸ್ತಿದೆ, ಬಾಯಿ ಅದನ್ನ ಹೇಳ್ತಿಲ್ಲ, ಇದು ಐದು ನಿಮಿಷ ತಪ್ಪದೆ ನಡೆದ್ರೆ ಡ್ರಮ್ಸ್ ಮೇಲೆ ಕಾಲು ತಾನಾಗೇ ಸುಮ್ಮನಿರುತ್ತೆ. ಸಮ ಆದ್ಮೇಲೆ ಎತ್ತುಗಡೆ ಇರೋ ಕೀರ್ತನೆಗಳನ್ನ ಹಾಡಿ ಅಭ್ಯಾಸ ಇರೋರಿಗೆ ಇದು ಬೇಗ ಬರೋದನ್ನ ನಾನು ನೋಡಿದೀನಿ.

ಹೈ-ಹ್ಯಾಟ್ ಬಗ್ಗೆ. ಮೇಲೆ ತ ಟ ತ ಟ ಅಂತ ಬರೆದಿದ್ದು ಸುಮ್ನೆ ಅಲ್ಲ. ರಾಕಲ್ಲಿ ಈ ಎಂಟು ಏಟು ಸಮಸಮವಾಗಿ ಇರುತ್ತೆ. ರೆಗೇಲಿ ಬಹಳ ಸಲ ಅದು ತಿಶ್ರ ನಡೆಯಿಂದ ಬಂದಿರುತ್ತೆ. ತಕಿಟ ತಕಿಟ ತಕಿಟ ತಕಿಟ ಅಂತ ನಾಲ್ಕು ಸಲ ಹೇಳಿ, ಪ್ರತಿ ತಕಿಟದಲ್ಲಿ ಮಧ್ಯದ ಕಿ ನ ಮನಸ್ಸಲ್ಲೇ ಹೇಳ್ಕೊಂಡು ತ ಮತ್ತೆ ಟ ಮಾತ್ರ ಕಡ್ಡಿಯಿಂದ ಹೊಡೀರಿ. ತ–ಟ ತ–ಟ ತ–ಟ ತ–ಟ. ಕುಂಟು ನಡಿಗೆ ಥರ ಒಂದು ತೂಗಾಟ ಬರುತ್ತೆ, ಇಂಗ್ಲಿಷ್ ಪುಸ್ತಕಗಳಲ್ಲಿ ಶಫಲ್ ಅಂತಾರೆ. ಕಾರ್ಲ್‌ಟನ್ ಬ್ಯಾರೆಟ್ ಹೈ-ಹ್ಯಾಟ್ ಕಿವಿಗೊಟ್ಟು ಕೇಳಿದ್ರೆ ಆ ಬಿಟ್ಟ ಕಿ ನ ಅಲ್ಲಲ್ಲಿ ತುಂಬ್ತಾ ಹೋಗ್ತಾರೆ, ಒಂದು ಕಡೆ ಪೂರ್ತಿ ತಕಿಟ, ಇನ್ನೊಂದು ಕಡೆ ತ ಮಾತ್ರ, ಅದಕ್ಕೇ ಅಷ್ಟು ಸರಳ ಬೀಟು ಎಷ್ಟು ಸಲ ಕೇಳಿದ್ರೂ ಬೇಸರ ಆಗಲ್ಲ. ನೀವು ಶುರುವಲ್ಲಿ ತುಂಬೋಕೆ ಹೋಗಬೇಡಿ, ತ–ಟ ಒಂದೇ ಸಾಕು, ಅದರಲ್ಲೂ ತ ಸ್ವಲ್ಪ ಗಟ್ಟಿ, ಟ ಉಗುರಲ್ಲಿ ತಟ್ಟಿದಷ್ಟು ಮೆತ್ತಗೆ. ಎಂಟೂ ಒಂದೇ ಜೋರಲ್ಲಿ ಹೊಡೆದ್ರೆ ಹೊಲಿಗೆ ಮಷೀನ್ ಓಡಿದ ಹಾಗೆ ಕೇಳುತ್ತೆ.

ಸಮವಾದ ನೇರ ಎಂಟು ಏಟಿನ ರೆಗೇನೂ ಇದೆ, ತೂಗಾಟದ್ದೂ ಇದೆ, ಎರಡರ ಮಧ್ಯದ್ದೂ ಇದೆ. ಬ್ಯಾಂಡಲ್ಲಿ ಗಿಟಾರ್ ನುಡಿಸೋರು ಯಾವುದನ್ನ ಹಿಡಿದಿದಾರೆ ಅಂತ ಮೊದಲು ಕೇಳಿ, ಅದನ್ನೇ ನೀವೂ ಹಿಡೀರಿ.

ಈಗ ಎಡಗೈ. ಕ್ರಾಸ್ ಸ್ಟಿಕ್ ಅಂದ್ರೆ ಕಡ್ಡಿನ ಸ್ನೇರ್ ಮೇಲೆ ಅಡ್ಡ ಮಲಗಿಸಿ ಅದರ ಒಂದು ತುದಿನ ಅಂಚಿನ ಲೋಹದ ಬಳೆಗೆ ತಟ್ಟೋದು. ಇದನ್ನ ಅವಸರದಲ್ಲಿ ಮಾಡಿದ್ರೆ ಟಿಕ್ ಅಂತ ಬಡಕಲು ಸದ್ದು ಬರುತ್ತೆ, ಸರಿಯಾಗಿ ಮಾಡಿದ್ರೆ ಕ್ಯಾರಂ ಸ್ಟ್ರೈಕರ್ ಕಟ್ಟಿಗೆ ಚೌಕಟ್ಟಿಗೆ ನೇರ ಹೋಗಿ ಬಡಿದಾಗ ಬರುತ್ತಲ್ಲ, ಆ ಥರ ತುಂಬಿದ ಟಕ್. ವ್ಯತ್ಯಾಸ ಪೂರ್ತಿ ಜಾಗದ್ದು. ಕಡ್ಡಿನ ತಿರುಗಿಸಿ, ದಪ್ಪ ತುದಿ ಬಳೆ ಕಡೆ ಇರಲಿ, ಚೂಪು ತುದಿ ಅಂಗೈ ಕೆಳಗೆ ಸ್ಕಿನ್ ಮೇಲೆ ಒರಗಿರಲಿ. ಅಂಗೈ ಬುಡ ಸ್ಕಿನ್ ಮೇಲೆ ಕೂತೇ ಇರಬೇಕು, ಎದ್ದೇಳಬಾರದು, ಬೆರಳುಗಳಷ್ಟೇ ಕಡ್ಡಿನ ಎತ್ತಿ ಬಿಡೋದು, ಬಾಗಿಲ ಕದ ಕೀಲಿನ ಮೇಲೆ ಆಡಿದ ಹಾಗೆ. ಈಗ ಟಕ್ ಟಕ್ ಅಂತ ತಟ್ತಾನೇ ಕಡ್ಡಿನ ಒಂದೊಂದು ದಾರದಷ್ಟು ಮುಂದೆ ಹಿಂದೆ ಜರುಗಿಸ್ತಾ ಹೋಗಿ. ಒಂದು ಜಾಗದಲ್ಲಿ ಸದ್ದು ಏಕ್ದಂ ದಪ್ಪ ಆಗುತ್ತೆ, ಅರ್ಧ ಇಂಚು ಈ ಕಡೆ ಬಂದ್ರೆ ಮತ್ತೆ ತೆಳು. ಆ ಜಾಗ ಸಿಕ್ಕ ತಕ್ಷಣ ಕಡ್ಡಿ ಮೇಲೆ ಬಳೆ ಮುಟ್ಟೋ ಕಡೆ ಪೆನ್ಸಿಲಲ್ಲಿ ಒಂದು ಗೆರೆ ಎಳೆದು ಇಟ್ಕೊಳ್ಳಿ. ನನ್ನ ಹಳೇ ಕಡ್ಡಿಗಳ ಮೇಲೆಲ್ಲ ಆ ಗೆರೆ ಇದೆ.

ಆ ಟಕ್ಕೂ ಕಿಕ್ಕಿನ ಧಂನೂ ಒಂದೇ ಕ್ಷಣಕ್ಕೆ ಬೀಳಬೇಕು. ಧಟಕ್ ಅಂತ ಎರಡು ಸದ್ದು ಕೇಳಿದ್ರೆ ಕೆಲಸ ಬಾಕಿ ಇದೆ ಅಂತ. ಒಂದೇ ಸದ್ದಾಗಿ, ಮೇಲೆ ಕಟ್ಟಿಗೆ ಕೆಳಗೆ ಚರ್ಮ ಅನ್ನೋ ಹಾಗೆ ಕೇಳಬೇಕು. ಇದಕ್ಕೆ ಅಡ್ಡದಾರಿ ಇಲ್ಲ, 100ರ ಸ್ಪೀಡಿಗೆ ಇಳಿಸಿಕೊಂಡು ದಿನಾ ಹತ್ತು ನಿಮಿಷ ಅಷ್ಟೇ.

ಕ್ಲಿಕ್ ಸದ್ದಲ್ಲಿ ಲಯ ಹೇಳೋ ಮೆಟ್ರೊನೋಮ್ ಹಾಕಿಕೊಳ್ಳೋದರಲ್ಲೂ ಒಂದು ಉಪಾಯ ಇದೆ. 140 ಅಂತ ಹಾಕಿದ್ರೆ ಅದು ನಾಲ್ಕೂ ಬೀಟಿಗೆ ಕಿರುಚುತ್ತೆ, ಒಂದಕ್ಕೂ. ನಾವು ಬಿಡೋಕೆ ಹೊರಟಿರೋ ಒಂದನ್ನೇ ಅದು ಎತ್ತಿ ಹಿಡಿಯುತ್ತೆ. ಬದಲಿಗೆ 70ಕ್ಕೆ ಇಳಿಸಿ, ಬರೋ ಕ್ಲಿಕ್ಕನ್ನ ಎರಡು ಮತ್ತೆ ನಾಲ್ಕು ಅಂತ ಕೇಳಿಸ್ಕೊಳ್ಳಿ. ರೆಗೇಲಿ ಗಿಟಾರ್ ಚಕ್ ಚಕ್ ಅಂತ ಕತ್ತರಿಸೋದು ಸರಿಯಾಗಿ ಅಲ್ಲೇ, ಎರಡಕ್ಕೆ ಮತ್ತೆ ನಾಲ್ಕಕ್ಕೆ. ಅಂದ್ರೆ ಮೆಟ್ರೊನೋಮೇ ನಿಮ್ಮ ಗಿಟಾರಿಸ್ಟ್ ಆಯ್ತು. ಚಕ್, ಧಂ, ಚಕ್, ಖಾಲಿ, ಚಕ್, ಧಂ, ಚಕ್, ಖಾಲಿ. ಮೊದಲ ದಿನ ಕ್ಲಿಕ್ಕು ಪದೇ ಪದೇ ಒಂದರ ಮೇಲೆ ಜಾರಿ ಹೋಗಿ ಕೂರುತ್ತೆ, ಹೋಗಲಿ ಬಿಡಿ, ನಿಲ್ಲಿಸಿ ಮತ್ತೆ ಶುರು ಮಾಡಿ.

ಒನ್ ಡ್ರಾಪ್ ಒಂದೇ ಅಲ್ಲ, ಅದರ ಅಕ್ಕಪಕ್ಕ ಇನ್ನೆರಡು ಇವೆ. ಒಂದಕ್ಕೂ ಮೂರಕ್ಕೂ ಕಿಕ್ ಇಟ್ಟು ಸ್ವಲ್ಪ ಮುಂದಕ್ಕೆ ತಳ್ಳೋ ಹಾಗೆ ನುಡಿಸೋದು ರಾಕರ್ಸ್, ಇದಕ್ಕೆ ಹೆಸರು ತಂದುಕೊಟ್ಟಿದ್ದು ಸ್ಲೈ ಡನ್‌ಬಾರ್, 1976ರ ಸುಮಾರಿಗೆ ಕಿಂಗ್‌ಸ್ಟನ್ನಿನ ಚಾನೆಲ್ ಒನ್ ಸ್ಟುಡಿಯೋದಲ್ಲಿ. ನಾಲ್ಕೂ ಬೀಟಿಗೆ ಕಿಕ್ ಇಟ್ಟು ಮೆರವಣಿಗೆ ಥರ ನಡೆಸೋದು ಸ್ಟೆಪರ್ಸ್. ರಾಕಿಂದ ಬಂದವರಿಗೆ ಇವೆರಡು ಬೇಗ ಬರುತ್ತೆ, ಯಾಕಂದ್ರೆ ಒಂದಕ್ಕೆ ಕಾಲು ಇಡಬಹುದು. ಅದಕ್ಕೇ ನಾನು ಹೇಳೋದು ಇವೆರಡನ್ನ ಆಮೇಲೆ ಕಲೀರಿ ಅಂತ, ಇಲ್ಲಾಂದ್ರೆ ಒನ್ ಡ್ರಾಪ್ ಕಲಿಯೋ ತಾಳ್ಮೆನೇ ಉಳಿಯಲ್ಲ.

ಸರಿ, ರಾಕ್ ಇದರೊಳಗೆ ಬಂದಿದ್ದು ಹೇಗೆ? 70ರ ದಶಕದ ಮೊದಲರ್ಧದಲ್ಲೇ ದೊಡ್ಡ ರಾಕ್ ಬ್ಯಾಂಡುಗಳು ರೆಗೇ ಮುಟ್ಟಿ ನೋಡಿದ್ವು. 1973ರಲ್ಲಿ ಲೆಡ್ ಝೆಪ್ಲಿನ್ ಒಂದು ಹಾಡಲ್ಲಿ ಮುಟ್ಟಿತು, ಆದ್ರೆ ಜಾನ್ ಬಾನಮ್ ಡ್ರಮ್ಸ್ ಅಲ್ಲೂ ಬಂಡೆ ಉರುಳಿಸಿದ ಹಾಗೇ ಇದೆ, ಭಾರ ಎಲ್ಲೂ ಕಮ್ಮಿ ಆಗಿಲ್ಲ. ಬಾನಮ್ ಅಂದ್ರೆ ನನಗೆ ಪ್ರಾಣ, ಆದ್ರೂ ಅದು ರೆಗೇ ಗ್ರೂವ್ ಅಲ್ಲ. 1974ರಲ್ಲಿ ಎರಿಕ್ ಕ್ಲ್ಯಾಪ್ಟನ್ ಮಾರ್ಲಿಯ ಒಂದು ಹಾಡನ್ನ ತಮ್ಮ ಥರ ಹಾಡಿ ಅಮೆರಿಕಾದಲ್ಲಿ ನಂಬರ್ ಒನ್ ಮಾಡಿದ್ರು, ಅದರಿಂದ ಎಷ್ಟೋ ರಾಕ್ ಕೇಳುಗರಿಗೆ ಮಾರ್ಲಿ ಹೆಸರು ಗೊತ್ತಾಯ್ತು. ಆದ್ರೆ ಎರಡೂ ಶೈಲಿನ ಒಂದೇ ಹಾಡೊಳಗೆ ಎದುರುಬದುರು ನಿಲ್ಲಿಸಿ ಅದರಿಂದಲೇ ತಮ್ಮ ಗುರುತು ಮಾಡ್ಕೊಂಡಿದ್ದು 1977ರಲ್ಲಿ ಲಂಡನ್ನಲ್ಲಿ ಶುರುವಾದ ದಿ ಪೊಲೀಸ್, ಅದರ ಡ್ರಮ್ಮರ್ ಸ್ಟೂವರ್ಟ್ ಕೋಪ್‌ಲ್ಯಾಂಡ್. ಅವರ ಎರಡನೇ ಆಲ್ಬಮ್ 1979ರದ್ದು, ಅದರ ಹೆಸರೇ ಫ್ರೆಂಚ್ ಥರ ತಿರುಚಿದ ಬಿಳಿಯರ ರೆಗೇ ಅನ್ನೋ ಪದಚಮತ್ಕಾರ.

ಕೋಪ್‌ಲ್ಯಾಂಡ್ ಹುಟ್ಟಿದ್ದು 1952ರಲ್ಲಿ ಅಮೆರಿಕಾದಲ್ಲಿ, ಬೆಳೆದಿದ್ದು ಕೈರೋ ಮತ್ತೆ ಬೈರೂತ್‌ನಲ್ಲಿ. ಅರಬ್ ತಾಳಗಳನ್ನ ಚಿಕ್ಕಂದಿನಲ್ಲೇ ಕೇಳಿದ್ರಿಂದ ರೆಗೇ ತನಗೆ ಹೊರಗಿನದು ಅನ್ನಿಸಲಿಲ್ಲ ಅನ್ನೋ ಅರ್ಥದ ಮಾತು ಅವರೇ ಆಡಿದಾರೆ. ಸ್ನೇರನ್ನ ತುಂಬಾ ಬಿಗಿಯಾಗಿ ಶ್ರುತಿ ಮಾಡ್ತಿದ್ರು, ಚಿಕ್ಕ ಸ್ಪ್ಲಾಶ್ ಸಿಂಬಲ್ ಬಳಸ್ತಿದ್ರು, ಉದ್ದ ಕೊಳವೆ ಥರದ ಆಕ್ಟೋಬಾನ್ ಡ್ರಮ್ಮುಗಳನ್ನ ಪಕ್ಕದಲ್ಲಿ ಇಟ್ಕೊಂಡಿದ್ರು. ಆದ್ರೆ ಅವರ ನಿಜವಾದ ಹಾಡುಗಾರಿಕೆ ಹೈ-ಹ್ಯಾಟ್ ಮೇಲೆ ನಡೆಯುತ್ತೆ, ಒಂದು ಬಾರಿನಲ್ಲಿ ಇದ್ದಿದ್ದು ಮುಂದಿನ ಬಾರಲ್ಲಿ ಇರಲ್ಲ, ಎಲ್ಲೋ ಒಂದು ಕಡೆ ತ್ಸಿಪ್ ಅಂತ ಬಾಯಿ ತೆಗೆದು ಮುಚ್ಚುತ್ತೆ, ಎಲ್ಲೋ ಒಂದು ತಕಿಟ ಚಿಮ್ಮುತ್ತೆ. ಕೆಳಗೆ ಕಾಲು ಮಾತ್ರ ತನ್ನ ಜಾಗ ಬಿಡಲ್ಲ.

ಇವರ ಮೊದಲ ಆಲ್ಬಮ್ 1978ರದ್ದು, ಅದರಲ್ಲಿರೋ ಸೋ ಲೋನ್ಲಿ ಅನ್ನೋ ಹಾಡನ್ನ ಹೆಸರು ಹೇಳಿಯೇ ಉದಾಹರಣೆ ಕೊಡ್ಬೇಕು, ಇಷ್ಟು ಸ್ಪಷ್ಟವಾಗಿ ಈ ಉಪಾಯ ಕೇಳೋ ಹಾಡು ನನಗೆ ಇನ್ನೊಂದು ಸಿಕ್ಕಿಲ್ಲ. ಚರಣ ಪೂರ್ತಿ ರೆಗೇ, ಪಲ್ಲವಿ ಬಂದ ತಕ್ಷಣ ಬಿರುಸು ರಾಕ್. ಮೊದಲ ಸಲ ಕೇಳಿದಾಗ ಪಲ್ಲವಿಗೆ ಸ್ಪೀಡ್ ಡಬಲ್ ಆಯ್ತು ಅನ್ಸುತ್ತೆ. ಕಾಲಲ್ಲಿ ತಾಳ ಹಾಕ್ಕೊಂಡು ಕೇಳಿ ನೋಡಿ, ನಿಮ್ಮ ಕಾಲು ಅದೇ ಲಯದಲ್ಲಿ ಮುಂದುವರಿಯುತ್ತೆ. ಆಗಿದ್ದೇನು ಅಂದ್ರೆ ಚರಣದಲ್ಲಿ ಬಾರಿಗೆ ಒಂದು ಸಲ ಮೂರಕ್ಕೆ ಬೀಳ್ತಿದ್ದ ಏಟು ಈಗ ಎರಡಕ್ಕೆ ನಾಲ್ಕಕ್ಕೆ ಹೋಯ್ತು, ಸ್ನೇರ್ ಎರಡು ಪಟ್ಟು ಹೆಚ್ಚು ಸಲ ಬೀಳೋಕೆ ಶುರುವಾಯ್ತು, ಖಾಲಿ ಇದ್ದ ಒಂದಕ್ಕೆ ಕಿಕ್ ಬಂದು ಕೂತ್ಕೊಂತು. ನಾನು ಮೊದಲೇ 140ರ ಲೆಕ್ಕ ಹಿಡಿದಿದ್ದು ಇದಕ್ಕೇ. 70ರಲ್ಲಿ ಎಣಿಸ್ತಿದ್ರೆ ಪಲ್ಲವಿಗೆ ಬಂದಾಗ ಎಣಿಕೆನೇ ಬದಲಾಯಿಸ್ಬೇಕಾಗುತ್ತೆ, ಅಲ್ಲೇ ಎಲ್ಲರೂ ಎಡವೋದು. 140ರಲ್ಲಿ ಎಣಿಸಿದ್ರೆ ಒಂದು ಎರಡು ಮೂರು ನಾಲ್ಕು ಹಾಗೇ ಹೋಗ್ತಿರುತ್ತೆ, ಭಾರ ಮಾತ್ರ ಜಾಗ ಬದಲಾಯಿಸುತ್ತೆ.

ಇಲ್ಲೇ ನನಗೆ ಈ ಶೈಲಿ ಮೇಲೆ ಪ್ರೀತಿ ಹುಟ್ಟಿದ್ದು. ಹದಿನಾರು ಬಾರ್ ಉದ್ದಕ್ಕೂ ಕೇಳೋರ ಮೈ ಒಂದನೇ ಬೀಟಿಗೆ ಕಾಯ್ತಾ ಇರುತ್ತೆ, ಅವರಿಗೆ ಗೊತ್ತಿಲ್ಲದೇನೇ. ನೀವು ಕೊಡಲ್ಲ. ಪ್ರತಿ ಸಲ ಖಾಲಿ. ಆಮೇಲೆ ಪಲ್ಲವಿಯ ಮೊದಲನೇ ಬಾರಿನ ಒಂದಕ್ಕೆ ಕಿಕ್ಕೂ ಕ್ರಾಶ್ ಅನ್ನೋ ದೊಡ್ಡ ಸಿಂಬಲ್ಲೂ ಸೇರಿ ಧಡ್ ಅಂತ ಬೀಳುತ್ತೆ. ಅದೇ ಕಿಕ್ಕು, ಅದೇ ಕ್ರಾಶು, ಉಳಿದ ರಾಕ್ ಹಾಡುಗಳಲ್ಲಿ ಪ್ರತಿ ನಾಲ್ಕು ಬಾರಿಗೊಮ್ಮೆ ಬಿದ್ದು ಬಿದ್ದು ಯಾರೂ ಗಮನಿಸದೆ ಹೋಗೋ ಏಟು. ಇಲ್ಲಿ ಕಾಯಿಸಿದ್ದರಿಂದ ಅದಕ್ಕೆ ಹತ್ತು ಪಟ್ಟು ತೂಕ. ಜೋರಾಗಿ ಹೊಡೆಯೋದೇ ಬೇಡ. ಚರಣದಲ್ಲಿ ಒಂದೇ ಒಂದು ಸಲ ಬಾಯಿ ತಪ್ಪಿದ ಹಾಗೆ ಕಾಲು ತಪ್ಪಿ ಒಂದಕ್ಕೆ ಬಿತ್ತು ಅಂದ್ರೆ ಆ ಪಲ್ಲವಿಯ ಏಟಿನ ಬೆಲೆ ಅಷ್ಟು ಕಮ್ಮಿ ಆಯ್ತು ಅಂತಲೇ ಲೆಕ್ಕ. ಅದಕ್ಕೇ ಆ ಸಣ್ಣ ಧುಮ್ ಬಗ್ಗೆ ಇಷ್ಟು ಹೇಳಿದ್ದು.

ಇದೇ ಉಪಾಯನ ಬೇರೆಯವರೂ ತಮ್ಮ ತಮ್ಮ ಥರ ಮಾಡಿದಾರೆ. ವಾಷಿಂಗ್ಟನ್ನಿನ ಬ್ಯಾಡ್ ಬ್ರೇನ್ಸ್ ಹಾರ್ಡ್‌ಕೋರ್ ಪಂಕ್ ಹಾಡುಗಳ ಮಧ್ಯ ಶುದ್ಧ ರೆಗೇ ಹಾಡುಗಳನ್ನೇ ಇಡ್ತಿದ್ರು. ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನ ಸಬ್ಲೈಮ್‌ನಲ್ಲಿ ಬಡ್ ಗಾ ಡ್ರಮ್ಸು ರೆಗೇಯಿಂದ ಪಂಕಿಗೆ ಒಂದೇ ಹಾಡೊಳಗೆ ಜಿಗಿದು ವಾಪಸ್ ಬರುತ್ತೆ, 1996ರ ಅವರ ಆಲ್ಬಮ್ ಕೇಳಿದ್ರೆ ಆ ಬಿಸಿಲು ಬಿದ್ದ ಸೋಮಾರಿ ಮಧ್ಯಾಹ್ನದ ಗ್ರೂವ್ ಅಂದ್ರೆ ಏನು ಅಂತ ಗೊತ್ತಾಗುತ್ತೆ.

ಫಿಲ್, ಅಂದ್ರೆ ಬೀಟಿನ ಮಧ್ಯ ನುಡಿಸೋ ಸಣ್ಣ ಅಲಂಕಾರ, ಅದರ ಬಗ್ಗೆ ಸ್ವಲ್ಪ. ರಾಕ್ ಫಿಲ್ ಸಾಮಾನ್ಯವಾಗಿ ಮುಂದಿನ ಬಾರಿನ ಒಂದಕ್ಕೆ ಹೋಗಿ ಕ್ರಾಶಲ್ಲಿ ಮುಗಿಯುತ್ತೆ. ಚರಣದೊಳಗೆ ಹಾಗೆ ಮಾಡಿದ್ರೆ ನೀವು ಕಾಪಾಡ್ಕೊಂಡು ಬಂದ ಖಾಲಿ ಜಾಗ ಹೋಯ್ತು. ಅಲ್ಲಿ ಫಿಲ್ಲನ್ನ ನಾಲ್ಕಕ್ಕೇ ಮುಗಿಸಿ, ಕಡ್ಡಿನ ಹೈ-ಹ್ಯಾಟಿಗೆ ವಾಪಸ್ ತಂದು, ಒಂದನ್ನ ಬರೀ ತ ಅಂತ ದಾಟಿಸಿ ಮೂರಕ್ಕೆ ಇಳೀರಿ. ಕ್ರಾಶ್ ಬೇಕೇ ಬೇಕು ಅನ್ಸಿದ್ರೆ ಮೂರಕ್ಕೇ ಹೊಡೀರಿ, ಅಲ್ಲೇ ಭಾರ ಇರೋದಲ್ವಾ. ಸ್ನೇರಿನ ಕೆಳಗಿನ ತಂತಿ ಸಡಿಲ ಮಾಡಿ ಫಿಲ್ ನುಡಿಸಿದ್ರೆ ಟಿಂಬಾಲೆ ಅನ್ನೋ ಲೋಹದ ಡ್ರಮ್ ಥರ ಖಣಖಣ ಅನ್ನುತ್ತೆ, ಕಾರ್ಲ್‌ಟನ್ ಬ್ಯಾರೆಟ್ ಹಾಡುಗಳ ಶುರುವಲ್ಲಿ ಕೇಳೋ ಆ ಪಟಪಟ ಸದ್ದಿನ ಹತ್ತಿರ ಬರುತ್ತೆ. ಸ್ನೇರಿನ ಮೇಲಿನ ಸ್ಕಿನ್ ಬಿಗಿ ಇರಲಿ, ಕಿಕ್ ಒಳಗೆ ಒಂದು ಹಳೇ ಕಂಬಳಿ ತುರುಕಿ, ಗುಂ ಅಂತ ಎಳೀದೆ ಧಂ ಅಂತ ನಿಲ್ಲಬೇಕು. ದುಡ್ಡು ಖರ್ಚು ಮಾಡೋ ಅವಶ್ಯಕತೆ ಏನೂ ಇಲ್ಲ.

ಇನ್ನೊಂದು ಮಾತು ಎಲ್ಲ ಕಡೆ ಕೇಳ್ತೀರ, ಬೀಟಿಗಿಂತ ಸ್ವಲ್ಪ ಹಿಂದೆ ನುಡಿಸಿ ಅಂತ. ಇದನ್ನ ಶುರುವಲ್ಲೇ ಪ್ರಯತ್ನ ಮಾಡಿದ್ರೆ ಹಾಡು ಎಳೆದಾಡುತ್ತೆ, ಎರಡು ನಿಮಿಷ ಆಗೋ ಹೊತ್ತಿಗೆ ಎಲ್ಲರೂ ಒಂದೊಂದು ಕಡೆ. ಹಿಂದೆ ಇರೋದು ಬೇರೆ, ನಿಧಾನ ಆಗ್ತಾ ಹೋಗೋದು ಬೇರೆ. ಹೈ-ಹ್ಯಾಟ್ ಕ್ಲಿಕ್ ಜೊತೆ ಕೂದಲೆಳೆ ಆಚೀಚೆ ಆಗದ ಹಾಗೆ ಕೂತ್ಕೊಳ್ಳಬೇಕು, ಮೂರರ ಧಂ ಮಾತ್ರ ಚೂರು ಆಲಸ್ಯದಿಂದ, ಪ್ರತಿ ಸಲ ಅಷ್ಟೇ ಆಲಸ್ಯದಿಂದ ಬರಬೇಕು. ಹಗ್ಗ ಬಿಗಿಯಾಗಿ ಇದ್ರೇನೇ ಜೋಕಾಲಿ ತೂಗೋದು. ಇದಕ್ಕೆ ನನಗೆ ತುಂಬಾ ಸಮಯ ಬೇಕಾಯ್ತು, ಮೊದಲು ಬರೀ ಸರಿಯಾದ ಜಾಗಕ್ಕೆ ಹೊಡೆಯೋದು ಬಂದ್ಮೇಲೆ ಇದು ಒಂದು ದಿನ ತಾನಾಗೇ ಬಂತು, ಭುಜ ಕಿವಿ ಹತ್ತಿರ ಏರಿರೋದನ್ನ ಗಮನಿಸಿ ಕೆಳಗೆ ಬಿಟ್ಟ ದಿನ.

ಅಭ್ಯಾಸಕ್ಕೆ ಕೂರೋದಾದ್ರೆ ಹೀಗೆ ಮಾಡಿ. ಕ್ಲಿಕ್ 70, ಅದು ಎರಡು ಮತ್ತೆ ನಾಲ್ಕು. ಹದಿನಾರು ಬಾರ್ ಒನ್ ಡ್ರಾಪ್, ಕ್ರಾಸ್ ಸ್ಟಿಕ್ಕಲ್ಲಿ. ಹದಿನಾರನೇ ಬಾರಿನ ಕೊನೇ ಎರಡು ಬೀಟು ಫಿಲ್. ಎಂಟು ಬಾರ್ ರಾಕ್, ಸ್ನೇರ್ ಪೂರ್ತಿ ತೆರೆದು, ಒಂದಕ್ಕೆ ಕ್ರಾಶ್. ಮತ್ತೆ ವಾಪಸ್ ಒನ್ ಡ್ರಾಪ್. ಫೋನಲ್ಲಿ ರೆಕಾರ್ಡ್ ಮಾಡಿ, ಕೇಳುವಾಗ ಬೇರೆ ಎಲ್ಲ ಬಿಟ್ಟು ಒಂದೇ ಜಾಗಕ್ಕೆ ಕಿವಿ ಕೊಡಿ: ರಾಕ್ ಮುಗಿದು ಚರಣಕ್ಕೆ ವಾಪಸ್ ಬಂದ ಮೊದಲನೇ ಬಾರ್. ಎಂಟು ಬಾರ್ ಒದ್ದು ಬಿಸಿಯಾಗಿರೋ ಕಾಲು ಅಲ್ಲಿ ಇನ್ನೊಂದು ಸಲ ಒಂದಕ್ಕೆ ಹೋಗೇ ಹೋಗುತ್ತೆ. ಆ ಬಾರಲ್ಲಿ ಹೈ-ಹ್ಯಾಟಿನ ತ ಮಾತ್ರ ಕೇಳಿ, ಕೆಳಗೆ ಏನೂ ಇಲ್ಲದೆ, ಮೂರಕ್ಕೆ ಧಂ ಅಂತ ಇಳೀತು ಅಂದ್ರೆ ಬ್ಯಾಂಡ್ ಜೊತೆ ಕೂರೋಕೆ ನೀವು ರೆಡಿ.